ಲಕ್ವ ಹೊಡೆದವರ ಮಗ್ಗುಲು ಬದಲಿಸಿ

ಹನಕೆರೆಯ ಹೈನುಗಾರ ಅಕ್ಕ-ತಂಗಿಯರೇ,

ಹಾಲು ಜ್ವರ ಬಂದು ನೆಲ ಹಿಡಿದ ಹಸುವನ್ನು ಒಂದೇ ಮಗ್ಗುಲಲ್ಲಿ ಬಿಡಬಾರದೆಂದು ನಿಮಗೆ ಗೊತ್ತು. ಲಕ್ವ ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪಿದವರಿಗೂ ಅದೇ ಮಾತು. ಮಂಡ್ಯದ ಮಿಮ್ಸ್‌ನಿಂದ ಮನೆಗೆ ಕಳಿಸಿದ ಮೇಲೆ ಆರೈಕೆ ನಿಮ್ಮ ಕೈಯಲ್ಲಿದೆ.

• 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಡೈರಿಗೆ ಹೊರಡುವ ಮುನ್ನವೂ ನೋಡಿ. ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ.

• ಸರಿಯಿರುವ ಪಕ್ಕಕ್ಕೆ ಮಲಗಿಸಿದಾಗ ಸೋತ ಕೈಕಾಲನ್ನು ಮುಂದೆ ತಂದು ದಿಂಬಿನ ಮೇಲಿಡಿ. ದಿಂಬಿಲ್ಲದಿದ್ದರೆ ಮಡಿಸಿದ ಕಂಬಳಿ ಸಾಕು.

• ಸೋತ ಪಕ್ಕಕ್ಕೆ ಮಲಗಿಸಿದಾಗ ಭುಜ ಮೈಯಡಿ ಸಿಕ್ಕದಂತೆ ಮುಂದಕ್ಕೆ ತನ್ನಿ.

• ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ. ಭುಜದ ಕೀಲು ಜಾರಬಹುದು.

• ಊಟ, ನೀರು ಕೊಡುವಾಗ ನೆಟ್ಟಗೆ ಕೂರಿಸಿ. ಎರಡೂ ಪಾದ ನೆಲಕ್ಕೆ ಊರಿರಲಿ, ಸೋತ ಕೈ ದಿಂಬಿನ ಮೇಲಿರಲಿ.

ಚರ್ಮ ಕೆಂಪಾಗಿ ಹಾಗೇ ಉಳಿದರೆ ಕಾಯದೆ ಆಶಾ ಕಾರ್ಯಕರ್ತೆಗೆ ಹೇಳಿ, ವೈದ್ಯರಿಗೆ ತೋರಿಸಿ.