ಭುಜ ಹಿಡ್ಕೊಂಡಿದೆಯೇ? ಎಳೆಸೋಕ್ ಮುಂಚೆ ಸ್ವಲ್ಪ ನಿಲ್ಲಿ!

ಮೈಸೂರು: ದಸರಾ ಹತ್ತಿರ ಬಂತೆಂದರೆ ನಗರದ ಗರಡಿಮನೆಗಳಿಗೆ ಜೀವ ಬರುತ್ತದೆ. ದೊಡ್ಡಕೆರೆ ಮೈದಾನದಲ್ಲಿ ಜೋಡಿ ಸಿಕ್ಕೀತೆಂಬ ಆಸೆಯಿಂದ ಹುಡುಗರು ಬೆಳಗಿನ ಜಾವಕ್ಕೇ ಮಟ್ಟಿಗೆ ಇಳಿಯುತ್ತಾರೆ. ಅತ್ತ ಹಳ್ಳಿಗಳ ಕಡೆ ಹೊನಲು ಬೆಳಕಿನ ಕಬಡ್ಡಿ. ಆಟ ಯಾವುದಾದರೇನು, ಬಿದ್ದಾಗ ಪೆಟ್ಟು ತಿನ್ನುವುದು ಬಹಳ ಸಲ ಭುಜವೇ.

ಬಿದ್ದವನ ಸುತ್ತ ಹತ್ತು ಮಂದಿ ಸೇರುತ್ತಾರೆ. ಹತ್ತೂ ಮಂದಿ ಡಾಕ್ಟರುಗಳೇ! ‘ಏನೂ ಆಗಿಲ್ಲ ಬುಡ್ಲಾ, ಒಂದ್ಸಲ ಜೋರಾಗಿ ಎಳುದ್ರೆ ಸರಿಹೋಯ್ತದೆ’ ಎಂದು ಒಬ್ಬ ಕೈ ಹಿಡಿಯುತ್ತಾನೆ. ಇನ್ನೊಬ್ಬ ಬಿಸಿ ಎಣ್ಣೆ ತರಲು ಓಡುತ್ತಾನೆ. ಪಾಪ, ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಕೆಲಸ ಕೆಡುವುದೂ ಅಲ್ಲೇ. ಬೆಳಿಗ್ಗೆ ಗರಡಿ, ಹಗಲೆಲ್ಲ ಗಾರೆ ಕೆಲಸ ಅಥವಾ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹುಡುಗನಿಗೆ ತೋಳು ಕೆಟ್ಟರೆ ಹೋಗುವುದು ಬರೀ ಕುಸ್ತಿಯಲ್ಲ, ಮನೆಯ ಅನ್ನ.

ಮನೆಮದ್ದು ಬೇಡವೆಂದಲ್ಲ. ಐಸು, ಶಾಖ, ಎಣ್ಣೆ ಎಲ್ಲಕ್ಕೂ ಜಾಗವಿದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಿರಬೇಕು.

ಚೆಂಡು ದೊಡ್ಡದು, ಬಟ್ಟಲು ಚಿಕ್ಕದು

ತೋಳಿನ ಮೂಳೆಯ ತಲೆ ಚೆಂಡಿನಂತೆ ಗುಂಡಗಿದೆ. ಅದು ಕೂರುವ ಬಟ್ಟಲು ಮಾತ್ರ ಚಿಕ್ಕದು, ಆಳವೂ ಇಲ್ಲ. ಅದಕ್ಕೇ ಕೈ ಸುತ್ತಲೂ ತಿರುಗುತ್ತದೆ; ಅದಕ್ಕೇ ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದೂ ಇದೇ. ಚೆಂಡನ್ನು ಬಟ್ಟಲಲ್ಲಿ ಹಿಡಿದಿಡಲು ಸುತ್ತ ನಾಲ್ಕು ಸ್ನಾಯುಗಳಿವೆ. ಪೆಟ್ಟು ಬಿದ್ದೊಡನೆ ಸ್ನಾಯುಗಳು ಬಿಗಿದುಕೊಂಡು ಕಾವಲು ನಿಲ್ಲುತ್ತವೆ. ‘ಹಿಡ್ಕೊಂಡಿದೆ’ ಎಂದು ಜನ ಹೇಳುವುದು ಇದನ್ನೇ.

ಮನೆಯೋ, ಆಸ್ಪತ್ರೆಯೋ?

ಭುಜದ ಗುಂಡಗಿನ ಆಕಾರ ಕೆಟ್ಟಿದ್ದರೆ, ಕೈ ಎತ್ತಲು ಆಗದಿದ್ದರೆ, ತೋಳಿನ ಹೊರಭಾಗವೋ ಬೆರಳೋ ಜೋಮು ಹಿಡಿದಿದ್ದರೆ ಮನೆಮದ್ದಿನ ಮಾತೇ ಬೇಡ. ಕೀಲು ಜಾರಿರಬಹುದು, ಮೂಳೆ ಮುರಿದಿರಬಹುದು. ಎಕ್ಸ್‌ರೇ ನೋಡದೆ ಎಳೆದರೆ ನರಕ್ಕೂ ರಕ್ತನಾಳಕ್ಕೂ ಪೆಟ್ಟಾದೀತು. ಒಂದು ಟವೆಲಿನಿಂದ ಕೈಯನ್ನು ಕುತ್ತಿಗೆಗೆ ಜೋಳಿಗೆ ಕಟ್ಟಿ ನೆಟ್ಟಗೆ ಮೂಳೆ ಡಾಕ್ಟರ ಬಳಿಗೆ ಕರೆದೊಯ್ಯುವುದೇ ಸರಿ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಮತ್ತೆ ಜಾರುವುದು ಹೆಚ್ಚು. ಮೊದಲ ಸಲದ ಚಿಕಿತ್ಸೆ ಹಗುರವಾಗಿ ಕಾಣುವಂಥದ್ದಲ್ಲ.

ಇನ್ನೊಂದು ಮಾತು. ಪೆಟ್ಟೇ ಬೀಳದೆ ಎಡಭುಜ ನೋಯುತ್ತಾ, ಎದೆ ಬಿಗಿದು ಬೆವರು ಬಂದರೆ ಅದು ಭುಜದ ಕಾಯಿಲೆಯಲ್ಲ, ಹೃದಯದ ಎಚ್ಚರಿಕೆ ಇರಬಹುದು. ತಡಮಾಡಬಾರದು.

ಮೊದಲೆರಡು ದಿನ

ಕೈ ಆಡುತ್ತಿದೆ, ನೋವು ಮಾತ್ರ ಇದೆ ಎಂದಾದರೆ ಮೊದಲೆರಡು ದಿನ ಶಾಖ ಬೇಡ, ತಿಕ್ಕುವುದೂ ಬೇಡ. ಒಳಗೆ ರಕ್ತ ಸೋರಿ ಊದಿಕೊಳ್ಳುವ ಹೊತ್ತು ಅದು. ಶಾಖ ಕೊಟ್ಟರೆ ಊತ ಹೆಚ್ಚೀತು. ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಬರೀ ಮೈಗೆ ಇಟ್ಟರೆ ಚರ್ಮ ಸುಟ್ಟೀತು, ಜೋಕೆ.

ಐಸನ್ನೂ ಅತಿ ಮಾಡಬಾರದು. ‘ವಿಶ್ರಾಂತಿ, ಐಸು, ಬಿಗಿಪಟ್ಟಿ, ಎತ್ತರದಲ್ಲಿ ಇಡುವುದು’ ಎಂಬ ಸೂತ್ರವನ್ನು 1978ರಲ್ಲಿ ಜಗತ್ತಿಗೆ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರ ಹೊತ್ತಿಗೆ ಮಾತು ತಿದ್ದಿಕೊಂಡರು. ಐಸು ನೋವಿಗೆ ಸರಿ, ಆದರೆ ಬಹಳ ಇಟ್ಟರೆ ಗಾಯ ಮಾಗುವುದೇ ತಡವಾಗಬಹುದು ಎಂದರು.

ಮಲಗುವಾಗ ಪೆಟ್ಟಾದ ಮಗ್ಗುಲು ಬೇಡ. ಕಂಕುಳಿನ ಬಳಿ ಚಿಕ್ಕ ದಿಂಬು ಇಟ್ಟರೆ ಹಾಯಾಗಿರುತ್ತದೆ.

ಆಮೇಲೆ ಶಾಖ, ಆಮೇಲೆ ಆಟ

ಊತ ಇಳಿದ ಮೇಲೆ, ಅಂದರೆ ಮೂರನೇ ದಿನದ ಹೊತ್ತಿಗೆ, ಅಜ್ಜಿಯ ಕಾಲದ ಉಪ್ಪಿನ ಗಂಟು ಹೊರಗೆ ಬರಲಿ. ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ, ಕೈಗೆ ತಡೆಯುವಷ್ಟೇ ಬಿಸಿಯಲ್ಲಿ ಶಾಖ ಕೊಟ್ಟರೆ ಸ್ನಾಯು ಸಡಿಲುತ್ತದೆ. ಎಣ್ಣೆ ಹಚ್ಚಿ ಹಗುರವಾಗಿ ನೀವಿದರೂ ಆದೀತು. ಮೊಣಕೈ ಊರಿ ತಿಕ್ಕುವ ಪೈಲ್ವಾನ್ ಮಾಲೀಸು ಮಾತ್ರ ಈಗ ಬೇಡ.

ಶಾಖದ ಬೆನ್ನಿಗೇ ವ್ಯಾಯಾಮ. ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಬಾವಿಯ ಕೊಡದ ಹಾಗೆ ಸಡಿಲವಾಗಿ ಇಳಿಬಿಡಬೇಕು. ಹಿಂದೆ ಮುಂದೆ, ಆ ಕಡೆ ಈ ಕಡೆ, ಸಣ್ಣ ಸುತ್ತು—ತಲಾ ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರ ಹೆಸರಿನಲ್ಲಿ ಇಂದಿಗೂ ನಡೆದಿರುವ ವ್ಯಾಯಾಮ ಇದು. ನಾಲ್ಕಾರು ದಿನ ಕಳೆದ ಮೇಲೆ ಗೋಡೆಗೆ ಬೆರಳಿಟ್ಟು ಇರುವೆ ಹತ್ತುವಂತೆ ಮೇಲೇರಿಸುವುದು. ಸ್ವಲ್ಪ ಎಳೆದಂತಾದರೆ ಪರವಾಗಿಲ್ಲ. ಚುಚ್ಚಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು.

ಹೆದರಿಕೊಂಡು ವಾರಗಟ್ಟಲೆ ಕೈ ಕಟ್ಟಿಕೊಂಡು ಕೂರುವುದೂ ತಪ್ಪೇ. ಅಲುಗಾಡದ ಭುಜ ಗಡಸಾಗುತ್ತದೆ. ಅದು ಪೂರಾ ಬಿಗಿದು ತಿಂಗಳುಗಟ್ಟಲೆ ಕಾಡುವ ಕಾಯಿಲೆಗೆ ‘ಫ್ರೋಜನ್ ಶೋಲ್ಡರ್’ ಎಂದು 1934ರಲ್ಲಿ ಹೆಸರಿಟ್ಟವರೂ ಅದೇ ಕಾಡ್‌ಮನ್. ಸಕ್ಕರೆ ಕಾಯಿಲೆಯವರಿಗೆ ಇದರ ಕಾಟ ಹೆಚ್ಚು.

ಮತ್ತೆ ಮಟ್ಟಿಗೆ ಯಾವಾಗ?

ನೋವಿನ ಮಾತ್ರೆ ನುಂಗಿ ಮಟ್ಟಿಗೆ ಇಳಿಯುವುದು ಮನೆಗೆ ಬೆಂಕಿ ಬಿದ್ದಾಗ ಕಣ್ಣು ಮುಚ್ಚಿಕೊಂಡ ಹಾಗೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಅಂಥ ಮಾತ್ರೆ ಮುಟ್ಟಲೇಬಾರದು.

ಪರೀಕ್ಷೆ ಸುಲಭ. ಎರಡೂ ಕೈ ಒಂದೇ ಸಮ ಮೇಲೇರಬೇಕು, ಬೆನ್ನ ಹಿಂದೆ ಒಂದೇ ಎತ್ತರ ಮುಟ್ಟಬೇಕು, ಗೋಡೆಗೆ ಒತ್ತಿದರೆ ಒಂದೇ ಬಲ ಇರಬೇಕು. ಆಮೇಲೆ ಮೊದಲು ದಂಡೆ, ಬಳಿಕ ಜೋಡಿ. ಎರಡು ವಾರ ಕಳೆದರೂ ಕೈ ಏಳದಿದ್ದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಆಸ್ಪತ್ರೆಯೇ ದಾರಿ.

ಗರಡಿಯ ಉಸ್ತಾದರು, ಕಬಡ್ಡಿ ತಂಡದ ಹಿರಿಯರು ಈ ಒಂದು ಮಾತು ಹುಡುಗರಿಗೆ ಹೇಳಿದರೆ ಸಾಕು: ಬಿದ್ದವನ ಕೈ ಎಳೀಬೇಡ್ರೋ! ಈ ವರ್ಷದ ಜೋಡಿ ತಪ್ಪಿದರೆ ತಪ್ಪಲಿ. ತೋಳು ನೆಟ್ಟಗಿದ್ದರೆ ಮುಂದಿನ ದಸರಾಕ್ಕೂ ಕುಸ್ತಿ ಇದ್ದೇ ಇರುತ್ತದೆ.