ಎಂಬತ್ತೊಂದು ಮನೆಗಳ ಆಟವೂ ಮರೆವೂ

ಚಿಕಿತ್ಸಾಲಯದಲ್ಲಿ ಸರದಿಗಾಗಿ ಕಾಯುವ ಹಿರಿಯರು ಹಿಂದೆ ದಿನಪತ್ರಿಕೆಯ ಪದಬಂಧವನ್ನು ತುಂಬುತ್ತಿದ್ದರು. ಈಗ ಬಹುಮಂದಿ ಮೊಬೈಲಿನಲ್ಲಿ ಸುಡೊಕು ಬಿಡಿಸುತ್ತಿರುತ್ತಾರೆ. “ಇದನ್ನು ಆಡುತ್ತಿದ್ದರೆ ಮರೆವಿನ ರೋಗ ಬರುವುದಿಲ್ಲವಂತೆ, ನಿಜವೇ ಡಾಕ್ಟರೇ?” ಎಂಬ ಪ್ರಶ್ನೆ ನಮಗೆ ಪದೇ ಪದೇ ಎದುರಾಗುತ್ತದೆ. ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಮುಗಿಯುವುದಿಲ್ಲವಾದ್ದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ನಿವೇದಿಸುತ್ತಿದ್ದೇವೆ.

ಸುಡೊಕು ಎಂಬ ಹೆಸರು ಜಪಾನಿನದು; ಆಟ ಹುಟ್ಟಿದ್ದು ಅಮೆರಿಕದಲ್ಲಿ. ಹೊವಾರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ರಚಿಸಿದ ಈ ಒಗಟು 1979ರಲ್ಲಿ ಅಲ್ಲಿಯ ಒಗಟಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನದ ಮಾಕಿ ಕಾಜಿ ಅವರು ಅದನ್ನು ತಮ್ಮ ದೇಶದಲ್ಲಿ ಪ್ರಚಾರಕ್ಕೆ ತಂದರು. ‘ಅಂಕಗಳು ಒಂಟಿಯಾಗಿಯೇ ಇರಬೇಕು’ ಎಂಬರ್ಥದ ಜಪಾನೀ ವಾಕ್ಯದ ಹ್ರಸ್ವರೂಪವೇ ಸುಡೊಕು. ಅಲ್ಲಿಯ ಮೂಲಪದಕ್ಕೆ ಅವಿವಾಹಿತ ಎಂಬ ಅರ್ಥವಿದೆ. ಅಂದರೆ ಇದು ಬ್ರಹ್ಮಚಾರಿ ಅಂಕಗಳ ಆಟ! ಮುಂದೆ ಹಾಂಕಾಂಗಿನ ನಿವೃತ್ತ ನ್ಯಾಯಾಧೀಶ ವೇನ್ ಗೌಲ್ಡ್ ಅವರು ಒಗಟುಗಳನ್ನು ತಾನಾಗಿಯೇ ರಚಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದರು. 2004ರ ನವೆಂಬರಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಅವನ್ನು ಪ್ರಕಟಿಸತೊಡಗಿದ ಮೇಲೆ ಆಟ ಜಗತ್ತಿಗೆಲ್ಲ ಹಬ್ಬಿತು. ಇಬ್ಬರು ನಿವೃತ್ತರ ಶ್ರಮದಿಂದ ಬಂದ ಆಟ ನಿವೃತ್ತರಿಗೆ ಇಷ್ಟವಾದುದರಲ್ಲಿ ಆಶ್ಚರ್ಯವಿಲ್ಲ.

ನಿಯಮ ಸರಳ. ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 81 ಮನೆ. ಪ್ರತಿ ಸಾಲಿನಲ್ಲಿಯೂ, ಒಂಬತ್ತು ಮನೆಗಳ ಪ್ರತಿ ಚಿಕ್ಕ ಚೌಕದಲ್ಲಿಯೂ 1ರಿಂದ 9ರವರೆಗಿನ ಅಂಕಗಳು ಒಂದೊಂದು ಸಲ ಮಾತ್ರ ಬರಬೇಕು. ಸರಿಯಾಗಿ ರಚಿಸಿದ ಒಗಟಿಗೆ ಒಂದೇ ಉತ್ತರವಿರುತ್ತದೆ. ಅದಕ್ಕಾಗಿ ಕನಿಷ್ಠ 17 ಅಂಕಗಳನ್ನಾದರೂ ಮೊದಲೇ ಕೊಟ್ಟಿರಬೇಕೆಂದು ಐರ್ಲೆಂಡಿನ ಗಣಿತಜ್ಞರು 2012ರಲ್ಲಿ ಕಂಪ್ಯೂಟರಿನ ನೆರವಿನಿಂದ ತೋರಿಸಿಕೊಟ್ಟರು. ಉತ್ತರ ಒಂದೇ ಆದುದರಿಂದ ಇಲ್ಲಿ ಊಹೆಯ ಅಗತ್ಯವಿಲ್ಲ. ಪ್ರತಿ ಅಂಕಕ್ಕೂ ಕಾರಣ ಹೇಳಲು ಬರಬೇಕು.

ಈ ಕಾರಣ ಹುಡುಕುವ ಅಭ್ಯಾಸದಲ್ಲಿಯೇ ಆಟದ ಸತ್ತ್ವವಿದೆ. ಒಂದು ಉದಾಹರಣೆ ನೋಡೋಣ. ಒಂದು ಅಡ್ಡಸಾಲಿನ ಎರಡು ಮನೆಗಳಲ್ಲಿ 3 ಮತ್ತು 7 ಬಿಟ್ಟು ಬೇರಾವ ಅಂಕವೂ ಕೂರಲಾರದು ಎನ್ನೋಣ. ಯಾವ ಮನೆಗೆ 3, ಯಾವುದಕ್ಕೆ 7 ಎಂಬುದು ಇನ್ನೂ ತಿಳಿಯದು. ಆದರೂ ಆ ಎರಡು ಅಂಕಗಳು ಆ ಎರಡು ಮನೆಗಳಿಗೇ ಮೀಸಲಾದವು. ಆ ಸಾಲಿನ ಉಳಿದ ಮನೆಗಳಿಂದ ಅವನ್ನು ನಿಶ್ಚಿಂತೆಯಿಂದ ತೆಗೆದುಹಾಕಬಹುದು. ಪೂರ್ತಿ ತಿಳಿಯದಿದ್ದರೂ ತಿಳಿದಷ್ಟರಿಂದ ಒಂದು ಹೆಜ್ಜೆ ಮುಂದಿಡುವ ಇಂತಹ ಯುಕ್ತಿಗಳನ್ನು ಒಂದೊಂದಾಗಿ ಕಲಿಯುವುದೇ ಬುದ್ಧಿಗೆ ವ್ಯಾಯಾಮ. ಕಲಿತ ಮಟ್ಟದಲ್ಲಿಯೇ ದಿನಕ್ಕೆ ಹತ್ತು ಒಗಟು ಬಿಡಿಸುವುದಕ್ಕಿಂತ ಹೊಸ ಯುಕ್ತಿ ಬೇಡುವ ಒಂದನ್ನು ಬಿಡಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಮೊಬೈಲಿನ ಆಟದಲ್ಲಿ ತಪ್ಪು ಅಂಕ ಹಾಕಿದೊಡನೆ ಕೆಂಪಾಗುವ ಸೌಲಭ್ಯವಿರುತ್ತದೆ. ಅದು ಊಹಿಸುವ ಚಟವನ್ನು ಬೆಳೆಸುತ್ತದೆ, ಆದುದರಿಂದ ಅದನ್ನು ನಿಲ್ಲಿಸಿಕೊಳ್ಳುವುದು ಒಳಿತು. ಸಮಯ ಎಣಿಸುವ ಗಡಿಯಾರವನ್ನೂ ಹಾಗೆಯೇ. ಸುಳಿವು ಕೇಳಿದಾಗ ಕಾರಣವನ್ನೂ ವಿವರಿಸುವ ಆ್ಯಪ್‌ಗಳಿವೆ. ಕಲಿಯುವವರಿಗೆ ಅವು ಉಪಯುಕ್ತ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಆಯುರ್ವೇದವು ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಬೇರೆಬೇರೆಯಾಗಿ ಹೇಳುತ್ತದೆ. ಇವು ಕೆಟ್ಟಾಗ ಮನುಷ್ಯನು ಮಾಡುವ ಕರ್ಮವನ್ನು ಚರಕಾಚಾರ್ಯರು ಪ್ರಜ್ಞಾಪರಾಧವೆಂದು ಕರೆದಿದ್ದಾರೆ. ಸುಡೊಕು ಬಿಡಿಸುವಾಗ ದುಡಿಯುವುದು ಧೀ, ಅಂದರೆ ವಿವೇಚಿಸುವ ಶಕ್ತಿ. ಸ್ಮೃತಿಗೆ ಅಲ್ಲಿ ಕೆಲಸ ಅಲ್ಪ. ಏಕೆಂದರೆ ಅಂಕಗಳೆಲ್ಲ ಕಣ್ಣೆದುರಿಗೇ ಇರುತ್ತವೆ, ಸಂಭಾವ್ಯ ಅಂಕಗಳನ್ನು ಮನೆಯೊಳಗೇ ಚಿಕ್ಕದಾಗಿ ಬರೆದಿಟ್ಟುಕೊಳ್ಳಬಹುದು. ಧೃತಿ ಇದೆಯೋ ಇಲ್ಲವೋ ಎಂಬುದು ಊಟಕ್ಕೆ ಕರೆದಾಗ ಮೊಬೈಲು ಕೆಳಗಿಡುವುದರಲ್ಲಿ ಗೊತ್ತಾಗುತ್ತದೆ!

ಆಧುನಿಕ ಸಂಶೋಧನೆಯೂ ಇದಕ್ಕೆ ದೂರವಿಲ್ಲ. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ 1936ರಲ್ಲಿ ಜನಿಸಿದ 498 ಮಂದಿಯನ್ನು ವೃದ್ಧಾಪ್ಯದಲ್ಲಿ ಹಲವು ವರ್ಷ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಜೀವನದುದ್ದಕ್ಕೂ ಸಮಸ್ಯೆ ಬಿಡಿಸುವ ಹವ್ಯಾಸವಿದ್ದವರ ಬುದ್ಧಿಶಕ್ತಿ ಮೊದಲಿಗೇ ಎತ್ತರದ ಮಟ್ಟದಲ್ಲಿತ್ತು. ಆದರೆ ವಯಸ್ಸಿನೊಡನೆ ಇಳಿಯುವ ವೇಗ ಅವರಲ್ಲಿಯೂ ತಗ್ಗಲಿಲ್ಲ. ಕೆರೆಯಲ್ಲಿ ಹೆಚ್ಚು ನೀರು ತುಂಬಿದ್ದರೆ ಬೇಸಿಗೆಯಲ್ಲಿ ಒಣಗಲು ಹೆಚ್ಚು ದಿನ ಬೇಕಾಗುತ್ತದೆ, ಬಿಸಿಲೇನೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಆಟ ಒಳ್ಳೆಯದು, ಆದರೆ ಅದು ರಕ್ಷಾಕವಚವಲ್ಲ.

ಕವಚವೆಂದು ನಂಬಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕರೊಬ್ಬರು ಮಾತ್ರೆ ತೆಗೆದುಕೊಂಡುದನ್ನು ಮರೆತು ಮತ್ತೆ ತೆಗೆದುಕೊಳ್ಳುತ್ತಿದ್ದರು. ಒಮ್ಮೆ ಪರಿಚಿತ ಪೇಟೆಬೀದಿಯಲ್ಲಿಯೇ ದಾರಿ ತಪ್ಪಿದ್ದರು. “ಇಂದಿಗೂ ಸುಡೊಕು ಪಟಪಟನೆ ಬಿಡಿಸುತ್ತಾರೆ, ಅಪ್ಪಾಜಿಗೆ ಏನಾಗಿದೆ?” ಎಂದು ಮನೆಯವರು ಒಂದು ವರ್ಷಕ್ಕೂ ಮೇಲೆ ಸುಮ್ಮನಿದ್ದರು. ವರ್ಷಗಳಿಂದ ರೂಢಿಯಾದ ಕೌಶಲ ಬಹುಕಾಲ ಉಳಿಯಬಲ್ಲದು. ಬೆಳಿಗ್ಗೆ ಕೇಳಿದ ಮಾತು ಮಾತ್ರ ಸಂಜೆಗೆ ಉಳಿಯದು. ನಮ್ಮಲ್ಲಿಗೆ ಬಂದಾಗ ರಕ್ತಪರೀಕ್ಷೆ ಮಾಡಿಸಿದೆವು. ವಿಟಮಿನ್ ಬಿ12 ಅತಿ ಕಡಿಮೆಯಿತ್ತು. ತಜ್ಞ ವೈದ್ಯರಲ್ಲಿಗೆ ಕಳುಹಿಸಿ ಚುಚ್ಚುಮದ್ದು ಕೊಡಿಸಿದ ಮೇಲೆ ಕೆಲವು ತಿಂಗಳಲ್ಲಿ ಮರೆವು ಬಹುಮಟ್ಟಿಗೆ ಹಿಮ್ಮೆಟ್ಟಿತು. ಪಾದಗಳ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ಕೊರತೆ ದೀರ್ಘಕಾಲ ಉಳಿದರೆ ನರಗಳಿಗಾದ ಹಾನಿ ಹಾಗೆಯೇ ನಿಲ್ಲುವುದುಂಟು.

ಸಸ್ಯಾಹಾರಿಗಳಾದ ಸದ್ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿ12 ತರಕಾರಿ, ಕಾಳುಗಳಲ್ಲಿ ದೊರೆಯುವುದಿಲ್ಲ. ಹಾಲು ಮೊಸರುಗಳಿಂದ ಸ್ವಲ್ಪ ದೊರೆಯುತ್ತದೆ. ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವುದೂ ಕುಗ್ಗುತ್ತದೆ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಇನ್ನಷ್ಟು. ಥೈರಾಯ್ಡ್ ಕೊರತೆ, ನಿದ್ರಾಹೀನತೆ, ಮನೋವ್ಯಾಕುಲತೆ, ಕಿವಿ ಮಂದವಾಗುವುದು, ಇವೂ ಮರೆವಿನ ವೇಷ ಧರಿಸಿ ಬರುತ್ತವೆ. ಒಂದೆಲಗದ ತಂಬುಳಿ ಹಿತಕರ, ನಾವೂ ಸೇವಿಸುತ್ತೇವೆ. ಆದರೆ ಪರೀಕ್ಷೆ ಮಾಡಿಸದೆ ಆರು ತಿಂಗಳು ತಂಬುಳಿ, ಲೇಹ್ಯಗಳಲ್ಲಿ ಕಳೆಯುವುದು ಆಯುರ್ವೇದವಲ್ಲ.

ಆಡುವ ವಿಧಾನದ ಬಗೆಗೂ ಎರಡು ಮಾತು. ಮೂತ್ರವೇಗವನ್ನು ತಡೆದುಕೊಂಡು “ಇದೊಂದು ಸಾಲು ಮುಗಿಯಲಿ” ಎನ್ನುವವರಿದ್ದಾರೆ. ತಡೆಯಬಾರದ ಹದಿಮೂರು ವೇಗಗಳನ್ನು ಚರಕಾಚಾರ್ಯರು ಹೇಳಿದ್ದಾರೆ. ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಎಲ್ಲವೂ ಅದರಲ್ಲಿವೆ, ಆಟದ ಭರದಲ್ಲಿ ಜನ ತಡೆಯುವುದೂ ಇವನ್ನೇ. ರಾತ್ರಿ ಜಾಗರಣೆಯಿಂದ ವಾತ ಕೆರಳಿ, ಆಟದಿಂದ ಗಳಿಸಬಯಸಿದ ಸ್ಮೃತಿಯೇ ಕುಂದುತ್ತದೆ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ಮರವನ್ನೋ ಗೋಪುರವನ್ನೋ ನೋಡಿರಿ. ಹಗಲು ಅರ್ಧ ತಾಸು ಸಾಕು. ಸಂಜೆಯ ನಡಿಗೆಯನ್ನು ಅದಕ್ಕಾಗಿ ಬಿಡಬಾರದು. ಮೊಮ್ಮಕ್ಕಳಿದ್ದರೆ ಚೌಕಾಬಾರದ ಮನೆ ಬರೆದು ಕವಡೆ ಹಾಕಿರಿ. ಅಲ್ಲಿ ಮಾತಿದೆ, ನಗೆಯಿದೆ, ಜಗಳವೂ ಇದೆ. ಒಂಟಿಯಾಗಿ ಆಡುವ ಆಟದಲ್ಲಿ ಇವಾವುವೂ ಇಲ್ಲ.

ಮನೆಯ ಕಿರಿಯರಲ್ಲಿ ನಮ್ಮ ಕೋರಿಕೆಯೊಂದಿದೆ. ಹಿರಿಯರು ಸುಡೊಕು ಬಿಡಿಸುವುದನ್ನಲ್ಲ, ಕೇಳಿದ್ದನ್ನೇ ಮತ್ತೆ ಕೇಳುವುದನ್ನು, ಹಣದ ಲೆಕ್ಕ ತಪ್ಪುವುದನ್ನು, ಪರಿಚಿತ ದಾರಿಯಲ್ಲಿ ತಡವರಿಸುವುದನ್ನು ಗಮನಿಸಿರಿ. ಮೊದಲು ಸಲೀಸಾಗಿ ಬಿಡಿಸುತ್ತಿದ್ದ ಮಟ್ಟ ಈಚಿನ ತಿಂಗಳುಗಳಲ್ಲಿ ಕೈಗೂಡದಾಗಿದ್ದರೆ ಅದನ್ನೂ ದಿನಾಂಕದೊಡನೆ ಚೀಟಿಯಲ್ಲಿ ಬರೆದಿಡಿರಿ. ವೈದ್ಯರಲ್ಲಿಗೆ ಬರುವಾಗ ಆ ಚೀಟಿಯನ್ನೂ, ಅವರು ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಬನ್ನಿರಿ.