ಬಟವಾಡೆಯ ಹಿಂದಿನ ದಿನ ಕಂಪ್ಯೂಟರ್‌ಗೆ ಬೀಗ



ಈ ಪುಟದಲ್ಲಿ ನಾನು ಬರೆಯುವುದು ಕೆಚ್ಚಲು ಬಾವು, ಬೆದೆ, ಕರುಗಳ ಜಂತುಹುಳುವಿನ ಬಗ್ಗೆ. ಈ ಸಲ ಬೇರೊಂದು ಕಾಯಿಲೆ. ಇದು ಹಸುವಿಗೆ ಬರುವುದಲ್ಲ, ಹಾಲಿನ ಲೆಕ್ಕ ಇಟ್ಟಿರುವ ಕಂಪ್ಯೂಟರ್‌ಗೆ ಬರುವುದು. ಪಶುವೈದ್ಯರಿಗೆ ಇದರಲ್ಲಿ ಏನು ಕೆಲಸ ಎನ್ನಬೇಡಿ, ನನಗೂ ಇದು ಗೊತ್ತಾದದ್ದು ಒಂದು ಹಸು ನೋಡಲು ಹೋದಾಗಲೇ.

ಒಂದು ಮಹಿಳಾ ಸಂಘದ ಊರಿನಲ್ಲಿ ಮಾಸು ಬೀಳದ ಹಸುವಿಗೆ ಚಿಕಿತ್ಸೆ ಕೊಟ್ಟು ಕೈ ತೊಳೆಯುತ್ತಿದ್ದೆ. ಕಾರ್ಯದರ್ಶಿ ಅಕ್ಕ ಓಡಿಬಂದರು. ‘ಡಾಕ್ಟ್ರೇ, ಒಸಿ ಬಂದು ನೋಡಿ. ಕಂಪ್ಯೂಟ್ರು ದುಡ್ಡು ಕೇಳ್ತಾ ಐತೆ.’

ಹೋಗಿ ನೋಡಿದರೆ ನಿಜ. ಸದಸ್ಯರ ಹಾಲಿನ ಲೆಕ್ಕ, ಫ್ಯಾಟ್, ಎಸ್‌ಎನ್‌ಎಫ್, ಪಶು ಆಹಾರದ ಬಾಕಿ, ಕೃತಕ ಗರ್ಭಧಾರಣೆಯ ದಿನಾಂಕಗಳು ಎಲ್ಲವೂ ಇದ್ದಲ್ಲೇ ಇದ್ದವು, ಆದರೆ ಒಂದೂ ತೆರೆಯುತ್ತಿರಲಿಲ್ಲ. ಪ್ರತಿ ಫೈಲ್ ಹೆಸರಿನ ಕೊನೆಗೆ ನಾಲ್ಕು ಅಪರಿಚಿತ ಅಕ್ಷರ ಅಂಟಿಕೊಂಡಿತ್ತು. ಎಲ್ಲ ಫೋಲ್ಡರ್‌ನಲ್ಲೂ ‘ರೀಡ್‌ಮೀ’ ಎಂಬ ಒಂದು ಚೀಟಿ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ನಿಮ್ಮ ಫೈಲ್‌ಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈಗೆ 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್. ಅರ್ಧ ಬೆಲೆಯೆಂದರೂ ಸುಮಾರು 40 ಸಾವಿರ ರೂಪಾಯಿ. ಮಾರನೇ ದಿನ ಬಟವಾಡೆ.

ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಒತ್ತೆಹಣ ಕೇಳುವ ವೈರಸ್. ಇದು ಫೈಲ್‌ಗಳನ್ನು ಕದ್ದೊಯ್ಯುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಯಲ್ಲೇ ನಮ್ಮ ಪೆಟ್ಟಿಗೆಗೆ ತನ್ನ ಬೀಗ ಜಡಿದು ಕೂರುತ್ತದೆ. ಇಲ್ಲಿ ಬಂದದ್ದು ಸ್ಟಾಪ್ ಅಥವಾ ಡಿಜೆವಿಯು ಎಂಬ ಜಾತಿಯದು. ದೊಡ್ಡ ಕಂಪನಿಗಳಿಗಿಂತ ಮನೆಗಳ, ಸಣ್ಣ ಕಚೇರಿಗಳ ಕಂಪ್ಯೂಟರ್‌ಗೇ ಇದು ಹೆಚ್ಚು ಬೀಳುತ್ತದೆ. ಬರುವ ದಾರಿ ಮುಖ್ಯವಾಗಿ ಒಂದೇ: ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಪುಕ್ಕಟೆ ಕಳ್ಳಪ್ರತಿ. ವಿಚಾರಿಸಿದಾಗ, ಹಿಂದಿನ ಸಂಜೆ ಹುಡುಗನೊಬ್ಬ ಮದುವೆ ಫೋಟೋ ಚೆಂದ ಮಾಡುವ ತಂತ್ರಾಂಶವನ್ನು ಎಲ್ಲಿಂದಲೋ ಇಳಿಸಿದ್ದು ಹೊರಬಿತ್ತು. ಆಗ ಪರದೆಯ ಮೇಲೆ ‘ವಿಂಡೋಸ್ ಅಪ್‌ಡೇಟ್ ಆಗುತ್ತಿದೆ, ಕಾಯಿರಿ’ ಎಂದು ಬಂದಿತ್ತಂತೆ, ಪಾಪ, ಕಾದಿದ್ದಾನೆ. ಅದು ಈ ವೈರಸ್ಸಿನ ಹಳೆಯ ನಾಟಕ. ಆ ಸುಳ್ಳು ಪರದೆಯ ಹಿಂದೆ ಅದು ಒಂದೊಂದೇ ಫೈಲಿಗೆ ಬೀಗ ಹಾಕುತ್ತಿರುತ್ತದೆ. ಹುಡುಗನನ್ನು ಎಲ್ಲರೂ ಸೇರಿ ಬೈದರು. ನನಗದು ಇಷ್ಟವಾಗಲಿಲ್ಲ. ಹೀಗೆ ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಕಾಯಿಲೆ ಬಚ್ಚಿಟ್ಟ ಕೊಟ್ಟಿಗೆಯಲ್ಲೇ ಹಸು ಸಾಯುವುದು.

ಕರು ಹಾಕುವ ಮುಂಚೆ ಕೆಚ್ಚಲು ಊದಿದರೆ ಅದೆಲ್ಲ ಕೆಚ್ಚಲು ಬಾವಲ್ಲ ಎಂದು ನಿಮಗೆ ಗೊತ್ತು. ಹಾಗೆಯೇ, ಪರದೆ ಕೆಂಪಾಗಿ, ಸೈರನ್ ಕೂಗಿ, ‘ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದರೆ ಅದು ಬಹುತೇಕ ಬರೀ ಹೆದರಿಸುವ ಪುಟ. ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಮುಚ್ಚಿ, ಮುಚ್ಚದಿದ್ದರೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ. ಆ ನಂಬರಿಗೆ ಮಾತ್ರ ಫೋನ್ ಮಾಡಬೇಡಿ. ಆಮೇಲೆ ನಿಮ್ಮ ಹಳೆಯ ಫೈಲ್, ಫೋಟೋ ತೆರೆದರೆ ಉಸಿರು ಬಿಡಿ. ಫೈಲ್ ತೆರೆಯದೆ, ಹೆಸರಿನ ಬಾಲ ಬದಲಾಗಿ, ದುಡ್ಡು ಕೇಳುವ ಚೀಟಿಯೂ ಇದ್ದರೆ ಅದು ನಿಜವಾದ ಕಾಯಿಲೆ.

ಕಾಲುಬಾಯಿ ಜ್ವರ ಬಂದಾಗ ಮೊದಲು ಏನು ಮಾಡುತ್ತೀರಿ? ಹಸುವನ್ನು ಬೇರೆ ಕಟ್ಟುತ್ತೀರಿ. ಇಲ್ಲೂ ಅದೇ. ಇಂಟರ್ನೆಟ್ ವೈರ್ ಕಿತ್ತುಬಿಡಿ, ವೈಫೈ ಆರಿಸಿ, ಪೆನ್‌ಡ್ರೈವ್ ಇದ್ದರೆ ತೆಗೆಯಿರಿ. ಆ ಪೆನ್‌ಡ್ರೈವ್ ಇನ್ನೊಂದು ಕಂಪ್ಯೂಟರ್‌ಗೆ ಹೋಗಬಾರದು. ಕಣ್ಣೆದುರೇ ಫೈಲ್ ಹೆಸರುಗಳು ಬದಲಾಗುತ್ತಿದ್ದರೆ, ನೆಟ್ ಕತ್ತರಿಸಲೂ ಆಗದಿದ್ದರೆ ಸ್ವಿಚ್ಚನ್ನೇ ಆರಿಸಿ. ದುಡ್ಡು ಕೇಳಿದ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವುದನ್ನೂ ಅಳಿಸಬೇಡಿ. ಬೀಗ ಬಿದ್ದ ಫೈಲೂ ಬೇಕು, ಆ ಚೀಟಿಯೂ ಬೇಕು.

ದುಡ್ಡು ಕೊಡಬೇಡಿ. ಕೊಟ್ಟ ಮೇಲೂ ಬೀಗದ ಕೈ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ, ಕೇಳಲು ಕಟ್ಟೆ ಪಂಚಾಯಿತಿಯೂ ಇಲ್ಲ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ವೈರಸ್ ತೆಗೆಯುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ವೈರಸ್ ಹೋದರೆ ಫೈಲ್ ವಾಪಸ್ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಕಳ್ಳನನ್ನು ಮನೆಯಿಂದ ಅಟ್ಟಿದರೂ ಅವನು ಹಾಕಿದ ಬೀಗ ಹಾಗೇ ಇರುತ್ತದೆ. ಹಾಗಾಗಿ ಮೊದಲು ಬೀಗ ಬಿದ್ದ ಫೈಲ್‌ಗಳನ್ನು ಚೀಟಿಯ ಸಮೇತ ಒಂದು ಖಾಲಿ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಎತ್ತಿಡಬೇಕು. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ಓಡಿಸಬಹುದು, ವಿಂಡೋಸ್ ಏಳುವ ಮೊದಲೇ ಅದು ವೈರಸ್ ಹುಡುಕುತ್ತದೆ. ಆದರೆ ಸಂಘದ ಲೆಕ್ಕ ಇಡುವ ಕಂಪ್ಯೂಟರ್ ಆದರೆ ನಾನು ಅಷ್ಟಕ್ಕೆ ಬಿಡುವುದಿಲ್ಲ. ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿ. ತಿಳಿದವರಿಗೆ ಅರ್ಧ ದಿನದ ಕೆಲಸ. ಈ ಜಾತಿಯ ವೈರಸ್ ಜೊತೆಗೆ ಪಾಸ್‌ವರ್ಡ್ ಕದಿಯುವ ಇನ್ನೊಂದನ್ನೂ ಕರೆತರುವುದುಂಟು. ಬ್ಯಾಂಕ್, ಇ-ಮೇಲ್ ಪಾಸ್‌ವರ್ಡುಗಳನ್ನು ಬೇರೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಅದೇ ದಿನ ಬದಲಾಯಿಸಿ.

ಬೀಗ ತೆಗೆಯುವ ಪ್ರಯತ್ನಕ್ಕೆ ‘ನೋ ಮೋರ್ ರ‍್ಯಾನ್ಸಮ್’ ಎಂಬ ಜಾಲತಾಣ ಇದೆ. ನೆದರ್ಲೆಂಡ್ಸ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ್ದು. ಬೀಗ ಬಿದ್ದ ಒಂದೆರಡು ಫೈಲ್ ಮತ್ತು ಆ ಚೀಟಿಯನ್ನು ಅಲ್ಲಿ ಕೊಟ್ಟರೆ ಯಾವ ಜಾತಿಯದು, ಉಚಿತ ಬೀಗದ ಕೈ ಇದೆಯೇ ಎಂದು ಹೇಳುತ್ತದೆ. ಸ್ಟಾಪ್ ವೈರಸ್ ಬೀಗ ಹಾಕುವ ಹೊತ್ತಿಗೆ ನೆಟ್ ಸಿಗದೆ ಹೋಗಿದ್ದರೆ ಅದು ಎಲ್ಲರಿಗೂ ಒಂದೇ ಕೈ ಬಳಸಿರುತ್ತದೆ, ಆಗ ತೆರೆಯುವ ಆಸೆ ಇದೆ. ನೆಟ್ ಸಿಕ್ಕಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕೈ. ಆ ಸಂಘದಲ್ಲಿ ನೆಟ್ ಇತ್ತು. ಫೈಲ್ ತೆರೆಯಲಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ ಎಂದು ಹೇಳಲು ಒಂದು ಸುದ್ದಿ. ಸ್ವಿಟ್ಜರ್ಲೆಂಡಿನ ಜುಗ್ ಪ್ರಾಂತ್ಯದ ಒಬ್ಬ ಹೈನುಗಾರನ ಕಥೆ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಹಾಲು ಕರೆಯುವ ಯಂತ್ರದ ಮಾಹಿತಿ ಸೇರುತ್ತಿದ್ದ ಅವನ ಕಂಪ್ಯೂಟರ್‌ಗೆ ಬೀಗ ಬಿತ್ತು, 10,000 ಡಾಲರ್ ಕೇಳಿದರು. ಅವನು ಕೊಡಲಿಲ್ಲ. ಯಂತ್ರ ಹಾಲು ಕರೆಯುತ್ತಲೇ ಇತ್ತು, ಆದರೆ ಹಸುಗಳ ಸ್ಥಿತಿ ತಿಳಿಸುವ ಮಾಹಿತಿ ಕೈಗೆ ಸಿಗಲಿಲ್ಲ. ಗಬ್ಬದ ಹಸುವೊಂದರ ಹೊಟ್ಟೆಯಲ್ಲೇ ಕರು ಸತ್ತದ್ದು ಸಮಯಕ್ಕೆ ಗೊತ್ತಾಗದೆ, ಕೊನೆಗೆ ಹಸುವನ್ನೂ ಉಳಿಸಲಾಗಲಿಲ್ಲ. ಓದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಕೊಟ್ಟಿಗೆಗಳಲ್ಲಿ ಯಂತ್ರಕ್ಕಿಂತ ನಿಮ್ಮ ಕಣ್ಣು ಮೊದಲು ನೋಡುತ್ತದೆ, ಅದು ನಮ್ಮ ಪುಣ್ಯ.

ದೂರದ ದೇಶದ ಮಾತು ಎಂದುಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಒತ್ತೆ ವೈರಸ್ ಸುಮಾರು 150 ದೇಶಗಳಿಗೆ ಹಬ್ಬಿದಾಗ, ನಮ್ಮ ಪಕ್ಕದ ವಯನಾಡಿನ ತರಿಯೋಡ್ ಗ್ರಾಮ ಪಂಚಾಯಿತಿಯ ಕಂಪ್ಯೂಟರ್‌ಗಳಿಗೂ ಬೀಗ ಬಿದ್ದಿತ್ತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಕೊಟ್ಟಿತ್ತು. ಹಾಕಿಸಿಕೊಂಡವರು ಉಳಿದರು. ಲಸಿಕೆ ಇದ್ದಂತೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ನಿಮ್ಮ ಸಂಘದ್ದು ಯಾವುದು ಎಂದು ಒಮ್ಮೆ ಕೇಳಿ.

ನಕಲು ಪ್ರತಿಯ ವಿಷಯಕ್ಕೆ ಬಂದರೆ, ಮನೆಯಲ್ಲಿ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ತರುತ್ತೀರಲ್ಲ, ಹಾಗೆ ಲೆಕ್ಕದ ಒಂದು ಪ್ರತಿ ಬೇರೆ ಕಡೆ ಇರಬೇಕು. ಆ ಸಂಘದಲ್ಲೂ ಬ್ಯಾಕಪ್ ಡಿಸ್ಕ್ ಇತ್ತು. ಆದರೆ ಅದು ಹಗಲೂ ರಾತ್ರಿ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇತ್ತು. ಅದಕ್ಕೂ ಬೀಗ ಬಿತ್ತು. ನಕಲು ಮಾಡಿದ ತಕ್ಷಣ ಕಿತ್ತು ಬೀರುವಿನಲ್ಲಿಡಬೇಕು. ಎರಡು ಡಿಸ್ಕ್ ಇಟ್ಟುಕೊಂಡು ವಾರ ಬಿಟ್ಟು ವಾರ ಬಳಸಿದರೆ ಇನ್ನೂ ಒಳ್ಳೆಯದು.

ಬಟವಾಡೆ ಹೇಗಾಯಿತು ಎಂದು ಕೇಳುತ್ತೀರಿ. ಸಂಘದಿಂದ ಎಷ್ಟು ಹಾಲು, ಎಷ್ಟು ಫ್ಯಾಟ್ ಹೋಯಿತೆಂಬುದು ಒಕ್ಕೂಟದಲ್ಲಿತ್ತು. ಯಾರದು ಎಷ್ಟು ಎಂಬುದು ಇರಲಿಲ್ಲ. ಕಾರ್ಯದರ್ಶಿ ಅಕ್ಕ ಊರಿಗೆಲ್ಲ ಹೇಳಿ ಕಳಿಸಿದರು. ಸಂಜೆ ಹಾಲಿನ ಹೊತ್ತಿಗೆ ಹೆಂಗಸರು ಬಂದರು, ಸೆರಗಿನ ಗಂಟಿನಲ್ಲಿ, ಸಕ್ಕರೆ ಡಬ್ಬಿಯಲ್ಲಿ, ದೇವರ ಪಟದ ಹಿಂದೆ ಇಟ್ಟಿದ್ದ ಹಾಲಿನ ಚೀಟಿಗಳನ್ನು ಹಿಡಿದು. ಒಬ್ಬರು ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದಿದ್ದರು, ದಿನಕ್ಕೆರಡು ಬಾರಿ ಲೀಟರ್ ಗೀಚಿದ್ದು. ಮೂರು ರಾತ್ರಿ ಕೂತು ಲೆಕ್ಕ ಬರೆದರು. ಚೀಟಿ ಬಿಸಾಕಿದ್ದ ನಾಲ್ವರಿಗೆ ಹಿಂದಿನ ಪಕ್ಷದ ಅಂದಾಜಿನ ಮೇಲೆ ಕೊಟ್ಟರು, ಅದರಲ್ಲಿ ಒಬ್ಬರಿಗೆ ಇಂದಿಗೂ ಸಮಾಧಾನವಿಲ್ಲ. ಗರ್ಭಧಾರಣೆಯ ದಿನಾಂಕಗಳಿಗಾಗಿ ನಾನು ಮನೆ ಮನೆಗೆ ಹೋಗಿ ಹಸುಗಳನ್ನು ಮತ್ತೆ ಪರೀಕ್ಷೆ ಮಾಡುತ್ತಿದ್ದೇನೆ. ಇನ್ನೂ ಹನ್ನೊಂದು ಬಾಕಿ ಇವೆ.